ಮೂಳೆ ಕೂಡಿದ ಮೇಲೆ ರೋಟ್‌ಗೆ

ಬುಧವಾರ

ನ್ಯೂರೆಂಬರ್ಗ್‌ನಿಂದ ರೋಟ್ ಹೆಚ್ಚು ದೂರವಿಲ್ಲ. ದಕ್ಷಿಣಕ್ಕೆ 25 ಕಿಲೋಮೀಟರ್ ಇರಬಹುದು. ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಸೈಕಲ್ ಪೆಟ್ಟಿಗೆಯನ್ನು ರೈಲಿಗೆ ಹತ್ತಿಸಿದ್ದೂ ಇಳಿಸಿದ್ದೂ ನನ್ನ ತಮ್ಮನೇ. ನಾನು ಕೈ ಹಾಕಲು ಹೋದರೆ "ಅಕ್ಕಾ, ಆ ಭುಜಕ್ಕೆ ಭಾನುವಾರ ಕೆಲಸ ಇದೆ, ಇವತ್ತು ಬಿಡು" ಅಂದ.

ಜರ್ಮನಿಯ ಬವೇರಿಯಾದ ಈ ಪುಟ್ಟ ಊರಿನ ಜನಸಂಖ್ಯೆ 25 ಸಾವಿರದ ಆಸುಪಾಸು. ಜುಲೈ ಮೊದಲ ಭಾಗದ ಒಂದು ಭಾನುವಾರ ಮಾತ್ರ ಲೆಕ್ಕವಿಲ್ಲದಷ್ಟು ಜನ ಇಲ್ಲಿಗೆ ಬಂದು ಸೇರುತ್ತಾರೆ. 1984ರಲ್ಲಿ ಇಲ್ಲಿ ಮೊದಲ ಟ್ರಯಥ್ಲಾನ್ ನಡೆಯಿತು. 1988ರಿಂದ ಅದು ಪೂರ್ತಿ ದೂರದ ಸ್ಪರ್ಧೆ: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರ್ ಓಟ. 2002ರಿಂದ ಚಾಲೆಂಜ್ ರೋಟ್ ಅನ್ನುವ ಹೆಸರು. ಮುಗಿಸೋಕೆ 15 ಗಂಟೆ ಸಮಯ. ಈ ದೂರ ಹುಟ್ಟಿದ್ದು ಹವಾಯಿಯಲ್ಲಿ, 1978ರಲ್ಲಿ. ಆ ದಿನ ಹೊರಟವರು 15 ಜನ, ಮುಗಿಸಿದವರು 12. ಈಗ ರೋಟ್ ಒಂದರಲ್ಲೇ ಮೂರು ಸಾವಿರಕ್ಕೂ ಜಾಸ್ತಿ ಜನ ಒಬ್ಬೊಬ್ಬರೇ ಮೂರನ್ನೂ ಮಾಡುತ್ತಾರೆ. ರಿಲೇ ತಂಡಗಳು ಬೇರೆ.

ನಾನು ಹೆಸರು ಕೊಟ್ಟಾಗ ಇದ್ದ ದೇಹ ಈಗ ಇಲ್ಲ. ಮೊದಲು ಸೈಕಲ್. ಒದ್ದೆ ರಸ್ತೆಯ ಒಂದು ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಎಡ ಭುಜದ ಮೇಲೆ ಬಿದ್ದೆ. ಕೊರಳೆಲುಬು ಎರಡು ತುಂಡಾಯಿತು. ಪ್ಲೇಟ್, ಸ್ಕ್ರೂ, ಕೊರಳಿಗೆ ಕಟ್ಟಿದ ಕೈಪಟ್ಟಿ. ವಾರಗಟ್ಟಲೆ ಈಜಿಲ್ಲ, ಓಟವಿಲ್ಲ. ಅದು ವಾಸಿಯಾಗಿ ಓಡಲು ಶುರುಮಾಡಿ, ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಬಲಗಾಲಿನಲ್ಲಿ ನೋವು ಶುರುವಾಯಿತು. ಮಂಡಿಯ ಕೆಳಗೆ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆ ಇದೆಯಲ್ಲ, ಟಿಬಿಯಾ, ಅದರ ಒಳಅಂಚಿನಲ್ಲಿ. ಎಂಆರ್‌ಐನಲ್ಲಿ ಬಿರುಕು ಕಾಣಲಿಲ್ಲ. ಆದರೆ ಮೂಳೆಯೊಳಗೆ ಊತ ಇತ್ತು. ಸ್ಟ್ರೆಸ್ ರಿಯಾಕ್ಷನ್ ಅಂದರು. ಅದನ್ನು ಲೆಕ್ಕಿಸದೆ ಓಡುತ್ತಾ ಹೋದರೆ ಮುಂದಿನ ಹಂತವೇ ಬಿರುಕು.

ಹೀಗೆ ಆಗುವುದಕ್ಕೆ ಕಾರಣ ಇದೆ, ಗಾಯದಿಂದ ವಾಪಸ್ ಬರುವ ಎಲ್ಲರಿಗೂ ಅದು ಗೊತ್ತಿರಬೇಕು. ಕೆಲವು ವಾರ ಓಟ ನಿಲ್ಲಿಸಿದರೆ ಉಸಿರಿನ ತಾಕತ್ತು ಬೇಗ ಇಳಿಯುತ್ತದೆ, ಮತ್ತೆ ಶುರುಮಾಡಿದರೆ ಬೇಗನೇ ಹತ್ತುತ್ತದೆ. ಮೂಳೆ ಹಾಗಲ್ಲ. ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಆ ಕೆಲಸಕ್ಕೆ ತಿಂಗಳುಗಳು ಬೇಕು. ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಹೃದಯ "ನಾನು ರೆಡಿ" ಅನ್ನುತ್ತಿರುತ್ತದೆ, ಕಾಲಿನ ಮೂಳೆ ಇನ್ನೂ ಅರ್ಧ ದಾರಿಯಲ್ಲಿರುತ್ತದೆ.

ಹಾಗಾಗಿ ಮತ್ತೆ ಓಟ ನಿಂತಿತು. ಸೈಕಲ್ ತುಳಿಯಬಹುದಿತ್ತು. ಆಳದ ನೀರಿನಲ್ಲಿ ಸೊಂಟಕ್ಕೆ ತೇಲಿಸುವ ಬೆಲ್ಟ್ ಕಟ್ಟಿಕೊಂಡು, ಕಾಲು ನೆಲಕ್ಕೆ ತಾಗದ ಹಾಗೆ ಓಡಬಹುದಿತ್ತು. ಅದನ್ನೇ ಮಾಡಿದೆ. ರೋಟ್‌ಗೆ ಹೋಗಬೇಕೋ ಬೇಡವೋ ಅನ್ನುವುದಕ್ಕೆ ಫಿಸಿಯೋ ಒಂದಷ್ಟು ಷರತ್ತು ಹಾಕಿದ್ದರು. ನಡೆದಾಡುವಾಗ ನೋವಿರಬಾರದು. ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ನೋವಿರಬಾರದು. ನಡೆಯುತ್ತಾ ಓಡುತ್ತಾ ಎರಡು ಗಂಟೆ ಹೋಗಿ ಬಂದ ಮಾರನೇ ಬೆಳಿಗ್ಗೆ, ಮೂಳೆ ಒತ್ತಿದರೆ ನೋವಿರಬಾರದು. ಇದರಲ್ಲಿ ಒಂದು ತಪ್ಪಿದರೂ ನಾನು ಹೊರಡುತ್ತಿರಲಿಲ್ಲ. ಮೂರೂ ಸರಿಹೋದವು. ಆದರೆ ಮ್ಯಾರಥಾನ್ ಓಡಲು ಬೇಕಾದ ಉದ್ದದ ಓಟಗಳು ಒಂದೂ ಆಗಿರಲಿಲ್ಲ. ಬಂದಿದ್ದೇ ಆ ಸ್ಥಿತಿಯಲ್ಲಿ.

ಗುರುವಾರ

ಬೆಳಿಗ್ಗೆ ಸೈಕಲ್ ಜೋಡಿಸಿದೆವು. ಎಲ್ಲ ಸರಿ ಇದ್ದ ಹಾಗಿತ್ತು. ಆದರೆ ಹಿಂದಿನ ಗೇರು ಹಾಕಿದರೆ ಚೈನು ಕಟಕಟ ಅನ್ನುತ್ತಿತ್ತು, ಎರಡು ಹಲ್ಲುಚಕ್ರಗಳ ನಡುವೆ ಎಲ್ಲೂ ಕೂರದೆ ಅಲೆಯುತ್ತಿತ್ತು. ಹಿಂದಿನಿಂದ ಬಗ್ಗಿ ನೋಡಿದರೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡೀರೇಲರ್ ನೇರವಾಗಿ ಇಳಿಬಿದ್ದಿರಲಿಲ್ಲ, ಒಳಕ್ಕೆ ವಾಲಿತ್ತು. ಪ್ರಯಾಣದಲ್ಲಿ ಪೆಟ್ಟಿಗೆ ಎಲ್ಲೋ ಬಿದ್ದಿದೆ. ಡೀರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಅನ್ನುವ ಸಣ್ಣ ಅಲ್ಯುಮಿನಿಯಂ ತುಂಡು ಬಗ್ಗಿತ್ತು. ಫ್ರೇಮು ಮುರಿಯುವ ಬದಲು ತಾನು ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ.

ಸ್ಪರ್ಧೆಯ ಜಾಗದಲ್ಲಿದ್ದ ಒಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟೆವು. ಅವರು ಡೀರೇಲರ್ ಬಿಚ್ಚಿ, ಅದೇ ತೂತಿಗೆ ಉದ್ದನೆಯ ಕಬ್ಬಿಣದ ತೋಳು ತಿರುಗಿಸಿ ಕೂರಿಸಿದರು. ತೋಳಿನ ತುದಿಯನ್ನು ಚಕ್ರದ ರಿಮ್ಮಿನ ಹತ್ತಿರ ತಂದು, ಮೇಲೆ, ಕೆಳಗೆ, ಹಿಂದೆ, ಮುಂದೆ ಅಂತರ ನೋಡಿದರು. ಮೇಲೆ ಒಂದು ಬೆರಳು ಹೋಗುವಷ್ಟು ಸಂದು, ಕೆಳಗೆ ರಿಮ್ಮಿಗೆ ತಾಗುತ್ತಿತ್ತು. ತೋಳನ್ನು ಮೆಲ್ಲಗೆ ಎಳೆದರು, ಮತ್ತೆ ಅಳೆದರು. ಇನ್ನೂ ಸ್ವಲ್ಪ ಎಳೆದರು. ನಾಲ್ಕು ಕಡೆಯೂ ಸಂದು ಒಂದೇ ಆಯಿತು. ಹತ್ತು ನಿಮಿಷದ ಕೆಲಸ. ಬಗ್ಗಿದ ಹ್ಯಾಂಗರಿನಲ್ಲೇ ಹೊರಟಿದ್ದರೆ ಏರಿನಲ್ಲಿ ಕಡಿಮೆ ಗೇರಿಗೆ ಹಾಕುವಾಗ ಡೀರೇಲರ್ ಚಕ್ರದ ಕಡ್ಡಿಗಳಿಗೇ ಸಿಕ್ಕಿಕೊಳ್ಳಬಹುದಿತ್ತು. ಸೈಕಲ್ ಜೊತೆ ವಿಮಾನ ಹತ್ತುವವರು ಒಂದು ಹೊಸ ಹ್ಯಾಂಗರ್ ಜೊತೆಗಿಟ್ಟುಕೊಳ್ಳಿ. ಪ್ರತಿ ಫ್ರೇಮಿಗೂ ಅದು ಬೇರೆ ಬೇರೆ, ಹೋದ ಊರಿನಲ್ಲಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಮಧ್ಯಾಹ್ನ ಕಾಲುವೆಗೆ ಹೋದೆವು. ಮೈನ್-ಡಾನ್ಯೂಬ್ ಕಾಲುವೆ, 171 ಕಿಲೋಮೀಟರ್ ಉದ್ದ, 1992ರಲ್ಲಿ ಪೂರ್ತಿಯಾಯಿತು. ಎರಡು ದೊಡ್ಡ ನದಿಗಳನ್ನು ಸೇರಿಸಿ ಹಡಗು ಓಡಾಡಲು ಕಟ್ಟಿದ್ದು. ಈಜು ಇದರಲ್ಲೇ, ಹಿಲ್ಪೋಲ್ಟ್‌ಸ್ಟೈನ್ ಹತ್ತಿರ. ಸ್ಪರ್ಧೆಯ ಬೆಳಿಗ್ಗೆ ಹಡಗುಗಳನ್ನು ನಿಲ್ಲಿಸುತ್ತಾರೆ.

ನನ್ನ ಭುಜಕ್ಕೆ ಈ ಕಾಲುವೆಗಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಅಲೆ ಇಲ್ಲ, ಸೆಳೆತ ಇಲ್ಲ. ಎಡಗೈ ಇನ್ನೂ ತಲೆಯ ಮೇಲೆ ಪೂರ್ತಿ ಚಾಚುವುದಿಲ್ಲ. ಅದರಿಂದ ಎಡಗಡೆಯ ಎಳೆತ ಗಿಡ್ಡ, ಬಲಗಡೆಯದು ಉದ್ದ. ಸಮುದ್ರದಲ್ಲೋ ಕೆರೆಯಲ್ಲೋ ಆಗಿದ್ದರೆ ಗೊತ್ತಿಲ್ಲದ ಹಾಗೆ ಎಡಕ್ಕೆ ತಿರುಗಿಬಿಡುತ್ತಿದ್ದೆ. ಇಲ್ಲಿ ಉಸಿರು ತೆಗೆದುಕೊಳ್ಳುವಾಗಲೆಲ್ಲ ದಡ ಕಾಣುತ್ತದೆ. ದಡದಿಂದ ಎಷ್ಟು ದೂರ ಇದ್ದೇನೆ ಅಂತ ನೋಡಿಕೊಂಡರೆ ದಾರಿ ನೇರವಾಗಿಯೇ ಇರುತ್ತದೆ. ನೀರಿನಿಂದ ಮೇಲೆ ಬಂದಾಗ ಬಹಳ ದಿನದ ಮೇಲೆ ಸಮಾಧಾನ ಆಯಿತು.

ಶುಕ್ರವಾರ

ಬಾಡಿಗೆ ಕಾರಿನಲ್ಲಿ ಸೈಕಲ್ ದಾರಿ ನೋಡಿ ಬಂದೆವು. ಹೊಲ, ಹಳ್ಳಿ, ಮತ್ತೆ ಹೊಲ. ಒಂದೇ ಸುತ್ತನ್ನು ಎರಡು ಸಲ ಹೋಗಬೇಕು. ಗ್ರೇಡಿಂಗ್ ಊರಿನ ಕಾಲ್ವಾರಿಯನ್‌ಬರ್ಗ್ ಏರು ನಕ್ಷೆಯಲ್ಲಿ ಕಾಣುವುದಕ್ಕಿಂತ ಕಡಿದಾಗಿದೆ. ಸೊಲಾರರ್ ಬರ್ಗ್ ಹಿಲ್ಪೋಲ್ಟ್‌ಸ್ಟೈನ್‌ನ ಒಂದು ಸಣ್ಣ ಏರು. ಭಾನುವಾರ ಆ ರಸ್ತೆಯ ಎರಡೂ ಕಡೆ ಸಾವಿರಾರು ಜನ ನಿಲ್ಲುತ್ತಾರೆ. ನಾವು ಹೋದಾಗ ಖಾಲಿ ಡಾಂಬರು ರಸ್ತೆ. ಉಳಿದ ದಿನ ಕಾಲು ಮೇಲೆ ಮಾಡಿ ಮಲಗಿದ್ದೆ.

ಶನಿವಾರ

ಸೈಕಲ್ ಒಪ್ಪಿಸುವ ದಿನ. ಇಲ್ಲಿ ಈಜು ಮುಗಿದು ಸೈಕಲ್ ಹತ್ತುವ ಜಾಗ ಬೇರೆ, ಸೈಕಲ್ ಇಳಿದು ಓಡುವ ಜಾಗ ಬೇರೆ. ಸೈಕಲ್ ಕಾಲುವೆ ಹತ್ತಿರ, ಓಟದ ಚೀಲ ರೋಟ್ ಕಡೆಗೆ. ಚೀಲಕ್ಕೆ ಶೂ, ಟೋಪಿ, ಎರಡು ಜೊತೆ ಸಾಕ್ಸ್ ಹಾಕಿದೆ. ನೋವಿನ ಮಾತ್ರೆ ಹಾಕಲಿಲ್ಲ. ಐಬುಪ್ರೊಫೇನ್ ತರಹದ ಮಾತ್ರೆಗಳನ್ನು ಇಷ್ಟುದ್ದದ ಸ್ಪರ್ಧೆಯಲ್ಲಿ ನುಂಗಬಾರದು. ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಅವು ಕಿಡ್ನಿಗೆ ಹೊರೆ, ಸೋಡಿಯಂ ಕುಸಿಯುವ ಅಪಾಯವೂ ಹೆಚ್ಚು. ನನಗಂತೂ ಇನ್ನೊಂದು ಕಾರಣ ಇತ್ತು. ಮೂಳೆ ಏನು ಹೇಳುತ್ತಿದೆ ಅನ್ನುವುದು ನನಗೆ ಕೇಳಿಸಬೇಕಿತ್ತು.

ರಾತ್ರಿ ತಮ್ಮ ಕಾಗದ ಪೆನ್ನು ಹಿಡಿದು ಕೂತ. ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಈಜಿಗೆ ಒಂದೂವರೆ ಗಂಟೆ. ಸೈಕಲ್ಲಿಗೆ ಏಳು. ಎರಡು ಕಡೆ ಬಟ್ಟೆ ಬದಲಿಸಲು ಇಪ್ಪತ್ತು ನಿಮಿಷ. ಉಳಿಯುವುದು ಆರು ಗಂಟೆ ಹತ್ತು ನಿಮಿಷ. ಅದನ್ನು 42.2ಕ್ಕೆ ಹಂಚಿದರೆ ಕಿಲೋಮೀಟರಿಗೆ 8 ನಿಮಿಷ 46 ಸೆಕೆಂಡ್. ನಾನು 3 ನಿಮಿಷ ಓಡಿ 2 ನಿಮಿಷ ಬಿರುಸಾಗಿ ನಡೆದರೆ ಕಿಲೋಮೀಟರಿಗೆ ಏಳೂಮುಕ್ಕಾಲು ನಿಮಿಷ ಆಗುತ್ತದೆ. ಬರೀ ನಡೆದರೆ ಹತ್ತು. ಅಂದರೆ ಮೊದಲಿಂದ ಕೊನೆವರೆಗೆ ನಡೆದರೆ ಸಾಲದು. ಮೊದಲ 24 ಕಿಲೋಮೀಟರ್ ಓಟ-ನಡಿಗೆ ಸಾಧ್ಯವಾದರೆ, ಆಮೇಲೆ ನಡೆದೇ ಮುಗಿಸಬಹುದು.

ಈ ಲೆಕ್ಕ ನೋಡಿದ ಮೇಲೆ ನಿದ್ದೆ ಬರುವಷ್ಟು ಮನಸ್ಸು ಹಗುರಾಯಿತು. ಗಾಯಕ್ಕೆ ಮುಂಚೆ ನಾನು ಅಂದುಕೊಂಡಿದ್ದ ಸಮಯವೇ ಬೇರೆ. ಅದಕ್ಕೂ ಈ ಕಾಗದಕ್ಕೂ ಸಂಬಂಧ ಇಲ್ಲ. ಹಳೆಯ ಗುರಿಯಿಂದ ಅಷ್ಟು ಇಷ್ಟು ಕಳೆದು ಈ ಸಂಖ್ಯೆಗೆ ಬಂದಿದ್ದಲ್ಲ. ಇವತ್ತಿನ ಭುಜ, ಇವತ್ತಿನ ಮೂಳೆ ಇಟ್ಟುಕೊಂಡು ಶುರುವಿನಿಂದ ಹಾಕಿದ ಲೆಕ್ಕ. ಇದನ್ನು ನಾನು ಪೂರ್ತಿ ಮನಸ್ಸಿನಿಂದ ನಂಬಬಲ್ಲವಳಾಗಿದ್ದೆ.

ಇನ್ನೊಂದು ಮಾತು ಮುಗಿಸಬೇಕಿತ್ತು, ಯಾವಾಗ ನಿಲ್ಲಿಸುವುದು ಅನ್ನುವುದು. ಫಿಸಿಯೋ ಹೇಳಿದ್ದು ಸರಳ. ಕಾಲಿನ ತುಂಬ ಹರಡಿದ ನೋವು ಸ್ನಾಯುವಿನದ್ದು, ಅದರ ಜೊತೆ ಹೋಗಬಹುದು. ಒಂದೇ ಬೆರಳಿಟ್ಟು "ಇಲ್ಲೇ" ಅಂತ ಮೂಳೆಯ ಮೇಲೆ ತೋರಿಸುವಂಥ ನೋವು ಬಂದರೆ ಅಲ್ಲೇ ನಿಲ್ಲಬೇಕು. ಕುಂಟಲು ಶುರುವಾದರೂ ನಿಲ್ಲಬೇಕು. ಮೂವತ್ತು ಕಿಲೋಮೀಟರ್ ಆದ ಮೇಲೆ ತಲೆ ಸರಿಯಾಗಿ ತೀರ್ಮಾನ ಮಾಡುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಅದಕ್ಕೆ ಈಗಲೇ ಮಾತಾಡಿಕೊಂಡೆವು.

"ನಾನು ಒಂದೇ ಪ್ರಶ್ನೆ ಕೇಳ್ತೀನಿ ಅಕ್ಕಾ," ಅಂದ ತಮ್ಮ. "ಒಂದೇ ಕಡೆನಾ, ಪೂರ್ತಿನಾ? ನೀನು ನಿಜ ಹೇಳಬೇಕು."

"ಹೇಳ್ತೀನಿ."

"ಒಂದೇ ಕಡೆ ಅಂದ್ರೆ ಸ್ಪರ್ಧೆ ಬಿಟ್ಟು, ಸಮಯ ಅಳೆಯೋ ಚಿಪ್ ಬಿಚ್ಚಿ ಕೊಡ್ತೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು "ಕೊಡ್ತೀನಿ" ಅಂದೆ. ಮನಸಾರೆ ಹೇಳಿದ ಮಾತು ಅದು.

ಇದೇ ದಾರಿಯಲ್ಲಿ 2016ರಲ್ಲಿ ಜರ್ಮನಿಯ ವೃತ್ತಿಪರ ಸ್ಪರ್ಧಿ ಯಾನ್ ಫ್ರೊಡೆನೊ 7 ಗಂಟೆ 35 ನಿಮಿಷ 39 ಸೆಕೆಂಡ್‌ನಲ್ಲಿ ಮುಗಿಸಿ ಆಗಿನ ಜಗತ್ತಿನ ಅತಿ ವೇಗದ ಸಮಯ ಮಾಡಿದರು. 2018ರಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ನನ್ನ ಊತದ ಮುಂದಿನ ಹಂತದ ಬಿರುಕು, ಆಗಿ ಹವಾಯಿಯ ವಿಶ್ವ ಚಾಂಪಿಯನ್‌ಶಿಪ್ ಬಿಟ್ಟುಕೊಟ್ಟರು. ಮಾರನೇ ವರ್ಷ ಅಲ್ಲೇ ಗೆದ್ದರು, 7:51:13ರಲ್ಲಿ. ಇಂಗ್ಲೆಂಡಿನ ಲೂಸಿ ಚಾರ್ಲ್ಸ್-ಬಾರ್ಕ್ಲೇ 2019ರಲ್ಲಿ ರೋಟ್ ಗೆದ್ದವರು. 2022ರಲ್ಲಿ ಅವರ ಸೊಂಟದ ಮೂಳೆಗೆ ಸ್ಟ್ರೆಸ್ ಫ್ರ್ಯಾಕ್ಚರ್ ಆಯಿತು. 2023ರಲ್ಲಿ ಹವಾಯಿಯಲ್ಲಿ ಚಾಂಪಿಯನ್. ಅವರ ವೇಗ ನಮಗೆ ಬೇರೆಯೇ ಲೋಕ. ಆದರೆ ಮೂಳೆ ಕೂಡುವ ವೇಗ ಅವರಿಗೂ ನಮಗೂ ಹತ್ತಿರ ಹತ್ತಿರ ಒಂದೇ. ಅವರೂ ಕಾಯಲೇಬೇಕಾಯಿತು. ಗೆದ್ದಿದ್ದಕ್ಕಿಂತ, ಹೊರಡದೇ ಕೂತ ಆ ತಿಂಗಳುಗಳ ಬಗ್ಗೆ ನನಗೆ ಹೆಚ್ಚು ಗೌರವ.

ಭಾನುವಾರ

ಬೆಳಗಿನ ಜಾವ ಕಾಲುವೆ ಹತ್ತಿರ ಬಂದಾಗ ದಡದಲ್ಲಿ ದೊಡ್ಡ ಬಿಸಿಗಾಳಿ ಬಲೂನುಗಳು ನಿಂತಿದ್ದವು. ಆರೂವರೆಗೆ ಫಿರಂಗಿ ಹಾರಿತು, ವೃತ್ತಿಪರರು ಹೊರಟರು. ಆಮೇಲೆ ಕೆಲವು ನಿಮಿಷಕ್ಕೊಂದು ಗುಂಪು. ನನ್ನ ಸರದಿ 7:40ಕ್ಕೆ.

ನೀರು 24.5 ಡಿಗ್ರಿಗಿಂತ ತಣ್ಣಗಿತ್ತು, ಹಾಗಾಗಿ ವೆಟ್‌ಸೂಟ್ ಹಾಕಬಹುದು. ರಬ್ಬರಿನ ಈ ಉಡುಪು ಮೈಯನ್ನು ಮೇಲೆತ್ತುತ್ತದೆ, ನನ್ನಂಥ ಭುಜದವರಿಗೆ ದೊಡ್ಡ ಸಹಾಯ. ಹಾಕಿಕೊಳ್ಳುವುದೇ ಕಷ್ಟ. ಮೊದಲೇ ಅಭ್ಯಾಸ ಮಾಡಿದ ಹಾಗೆ ಎಡ ತೋಳನ್ನು ಮೊದಲು ತೂರಿಸಿದೆ. ತೋಳಿನ ರಬ್ಬರನ್ನು ಮಣಿಕಟ್ಟಿನಿಂದ ಸ್ವಲ್ಪ ಸ್ವಲ್ಪ ಚಿವುಟಿ ಚಿವುಟಿ ಮೇಲಕ್ಕೆ ತಂದು, ಕಂಕುಳಲ್ಲಿ ಒಂದು ಮಡಿಕೆ ಜಾಸ್ತಿ ಉಳಿಸಿದೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳಬೇಕು, ರಬ್ಬರು ಪ್ಲೇಟಿನ ಮೇಲೆ ಎಳೆಯಬಾರದು. ಪಕ್ಕದಲ್ಲಿದ್ದ ಒಬ್ಬರು ಕೇಳುವ ಮೊದಲೇ ಹಿಂದಿನ ಜಿಪ್ ಎಳೆದುಕೊಟ್ಟರು.

ಈಜು ಅಂದುಕೊಂಡ ಹಾಗೇ ಆಯಿತು. ಗುಂಪಿನ ಹಿಂದೆ, ಅಂಚಿನಲ್ಲಿ ಹೊರಟೆ. ಯಾರ ಕೈಯೂ ಭುಜಕ್ಕೆ ತಾಗಬಾರದಿತ್ತು. ಬಲಗಡೆಗೆ ಉಸಿರು, ದಡ, ಜನ, ಮತ್ತೆ ನೀರು. ಮೂರು ಕಿಲೋಮೀಟರ್ ದಾಟಿದ ಮೇಲೆ ಭುಜ ಸುಸ್ತಾಯಿತು, ನೋಯಲಿಲ್ಲ. ಅವೆರಡರ ವ್ಯತ್ಯಾಸ ಈ ವರ್ಷ ಚೆನ್ನಾಗಿ ಕಲಿತಿದ್ದೇನೆ. ಒಂದೂವರೆ ಗಂಟೆಯ ಹತ್ತಿರ ದಡ ಹತ್ತಿದೆ, ಒಬ್ಬ ಸ್ವಯಂಸೇವಕಿ ಕೈ ಕೊಟ್ಟು ಎಳೆದುಕೊಂಡರು.

ಸೈಕಲ್ ಮೇಲೆ ನನಗೆ ಧೈರ್ಯ ಇತ್ತು. ಓಡಲಾಗದ ತಿಂಗಳುಗಳಲ್ಲೆಲ್ಲ ತುಳಿದಿದ್ದು ಇದನ್ನೇ ಅಲ್ವಾ. ಆದರೂ ಮೊದಲ ಸುತ್ತಿನಲ್ಲಿ ಕಾಲು ಇನ್ನೂ ಬೇಕು ಅನ್ನುತ್ತಿದ್ದರೂ ತಡೆದೇ ತುಳಿದೆ. ಗಂಟೆಗೆ 70 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್, ಸ್ವಲ್ಪ ಸ್ವಲ್ಪವಾಗಿ. ಜೆಲ್, ಬಾಳೆಹಣ್ಣು, ಬಾಟಲಿಯ ಪಾನೀಯ. ಹಸಿವಾದ ಮೇಲೆ ತಿಂದರೆ ತಡವಾಗಿರುತ್ತದೆ. ಸೈಕಲ್ ಮೇಲೆ ತಿನ್ನದಿದ್ದರೆ ಅದರ ಬೆಲೆ ಓಟದಲ್ಲಿ ಕಟ್ಟಬೇಕು. ನನ್ನ ಓಟದಲ್ಲಂತೂ ಅಂಥ ಬೆಲೆ ಕಟ್ಟಲು ಏನೂ ಮಿಕ್ಕಿರಲಿಲ್ಲ.

ಇಳಿಜಾರಿನ ತಿರುವುಗಳಲ್ಲಿ ಭಯ ಇತ್ತು. ರಸ್ತೆ ಒಣಗಿತ್ತು, ಬಿಸಿಲಿತ್ತು, ಆದರೂ ಪ್ರತಿ ತಿರುವಿಗೂ ಎಡ ಭುಜ ತಾನಾಗಿ ಬಿಗಿಯಾಗುತ್ತಿತ್ತು. ಅದನ್ನು ತಡೆಯಲು ಹೋಗಲಿಲ್ಲ. ತಿರುವಿಗೆ ಮುಂಚೆ ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ಬಿಡುವುದು, ಕಣ್ಣು ತಿರುವಿನ ಆಚೆ ಇಡುವುದು. ಇಷ್ಟನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಇಳಿದೆ. ನಾಲ್ಕು ಜನ ದಾಟಿ ಹೋದರು, ಹೋಗಲಿ.

ಸೊಲಾರರ್ ಬರ್ಗ್ ಬಗ್ಗೆ ಎಷ್ಟು ಬರೆದರೂ ಕಡಿಮೆ. ಶುಕ್ರವಾರ ಖಾಲಿಯಾಗಿದ್ದ ಅದೇ ರಸ್ತೆ. ಬುಡಕ್ಕೆ ಬರುವಾಗ ಮುಂದೆ ರಸ್ತೆಯೇ ಕಾಣುವುದಿಲ್ಲ, ಬರೀ ಜನ. ಹತ್ತಿರ ಹೋದ ಹಾಗೆ ಮುಂದಿನ ಚಕ್ರಕ್ಕೆ ಎಷ್ಟು ಬೇಕೋ ಅಷ್ಟೇ ಅಗಲ ಜಾಗ ಬಿಡುತ್ತಾರೆ, ಹಿಂದೆ ಮುಚ್ಚಿಕೊಳ್ಳುತ್ತಾರೆ. ಕಿವಿಯ ಪಕ್ಕದಲ್ಲೇ ಕೂಗು, ಗಂಟೆ, ತಮಟೆ. ನಂಬರ್ ಚೀಟಿಯ ಮೇಲಿನ ಹೆಸರು ಓದಿ ಯಾರೋ ನನ್ನ ಹೆಸರನ್ನೇ ಕೂಗಿದರು, ಉಚ್ಚಾರ ಸ್ವಲ್ಪ ಬೇರೆ. ಏರಿನ ಅರ್ಧಕ್ಕೆ ಕಣ್ಣು ತುಂಬಿಬಂತು. ಕೈಪಟ್ಟಿ ಕಟ್ಟಿಕೊಂಡು ಕೂತಿದ್ದ ದಿನಗಳು, ನೀರಲ್ಲಿ ಒಂದೇ ಜಾಗದಲ್ಲಿ ಓಡಿದ ಗಂಟೆಗಳು, ಎಲ್ಲ ಆ ಒಂದೆರಡು ನಿಮಿಷದಲ್ಲಿ ಎದುರು ಬಂದು ನಿಂತವು. ನಾನು ಇಲ್ಲಿದ್ದೇನೆ ಅಂತ ಆಗ ನಂಬಿಕೆ ಬಂತು. ಎರಡನೇ ಸುತ್ತಿನಲ್ಲಿ ಜನ ಕಡಿಮೆಯಾಗಿದ್ದರು, ಕೂಗು ಅಷ್ಟೇ ಇತ್ತು.

ನಾಲ್ಕೂವರೆ ಹೊತ್ತಿಗೆ ಓಡಲು ಶುರುಮಾಡಿದೆ. ಲೆಕ್ಕದ ಕಾಗದಕ್ಕೂ ನನಗೂ ಹೆಚ್ಚು ಕಡಿಮೆ ಒಂದೇ ಸಮಯ.

ಊರಿನಿಂದ ಇಳಿದು ಓಟದ ದಾರಿ ಕಾಲುವೆಯ ಪಕ್ಕಕ್ಕೆ ಬರುತ್ತದೆ. ಸಪಾಟಾದ ಗರಸು ದಾರಿ. ನೆರಳು ಕಡಿಮೆ. ಡಾಂಬರಿಗಿಂತ ಮೆದು ಅನ್ನುವುದು ನನಗೆ ಒಳ್ಳೆಯದು. 3 ನಿಮಿಷ ಓಟ, 2 ನಿಮಿಷ ನಡಿಗೆ, ವಾಚು ನಡುಗಿ ಹೇಳುತ್ತಿತ್ತು. ಹೆಜ್ಜೆ ಗಿಡ್ಡ ಇಟ್ಟೆ. ಹೆಜ್ಜೆ ಗಿಡ್ಡವಾಗಿ ಬೇಗ ಬೇಗ ಬಿದ್ದರೆ ಒಂದೊಂದು ಸಲಕ್ಕೆ ಟಿಬಿಯಾ ಮೇಲೆ ಬೀಳುವ ಹೊರೆ ಕಡಿಮೆ. ಚೆನ್ನಾಗಿದ್ದಾಗಲೂ ಎರಡು ನಿಮಿಷ ನಡೆಯಲೇಬೇಕು ಅನ್ನುವುದು ಈ ಪದ್ಧತಿಯ ಕಷ್ಟದ ಭಾಗ. ಮೊದಲ ಹತ್ತು ಕಿಲೋಮೀಟರ್ ಓಡಬಲ್ಲೆ ಅನ್ನಿಸುತ್ತಿತ್ತು, ಆದರೂ ನಡೆದೆ. ಪಕ್ಕದಲ್ಲಿ ಹೋಗುವವರು "ಬಾ, ಬಾ" ಅಂತ ಕೈ ಮಾಡುತ್ತಿದ್ದರು. ನಗುತ್ತಾ ತಲೆ ಆಡಿಸಿ ನಡೆದೆ.

ಹದಿನಾರು ದಾಟಿದ ಮೇಲೆ ನಾನು ತಿಂಗಳುಗಳಿಂದ ಓಡದ ದೂರ ಶುರುವಾಯಿತು. ಅಲ್ಲಿಂದ ಮುಂದೆ ಪ್ರತಿ ಕಿಲೋಮೀಟರೂ ಹೊಸದು. ಇಪ್ಪತ್ತನಾಲ್ಕರ ಹತ್ತಿರ ಬಲಗಾಲಿನ ಒಳಗಡೆ ಏನೋ ಕುಟುಕಿತು. ಎರಡು ಸಲ ನಡಿಗೆಯಲ್ಲಿ ಮಾಯವಾಯಿತು. ಇಪ್ಪತ್ತೇಳಕ್ಕೆ ಮಾಯವಾಗಲಿಲ್ಲ.

ದಾರಿ ಬಿಟ್ಟು ಹುಲ್ಲಿನ ಮೇಲೆ ಕೂತೆ. ಗಂಟೆ ಎಂಟಾಗಿತ್ತು, ಇನ್ನೂ ಬೆಳಕಿತ್ತು. ಸಾಕ್ಸ್ ಕೆಳಗಿಳಿಸಿ, ಹೆಬ್ಬೆರಳನ್ನು ಮಂಡಿಯ ಕೆಳಗಿಟ್ಟು ಮೂಳೆಯ ಒಳಅಂಚಿನ ಮೇಲೆ ಒತ್ತುತ್ತಾ ಬಂದೆ. ಒಂದು ಬೆರಳಗಲ ಇಳಿಸುವುದು, ಒತ್ತುವುದು, ಉಸಿರು ಬಿಡುವುದು. ಹಳೆಯ ಜಾಗ ನನಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು, ಹರಡಿನಿಂದ ಒಂದು ಗೇಣು ಮೇಲೆ. ಅಲ್ಲಿಗೆ ಬರುವಾಗ ಬೆರಳು ನಡುಗಿತು. ಒತ್ತಿದೆ. ಇನ್ನೂ ಗಟ್ಟಿಯಾಗಿ ಒತ್ತಿದೆ. ಮೂಳೆ ಸುಮ್ಮನಿತ್ತು. ಅದರ ಹಿಂದಿನ ಸ್ನಾಯುವಿನ ಮೇಲೆ ಬೆರಳು ಜಾರಿದಾಗ ನೋವು ಸಿಕ್ಕಿತು, ಮೇಲಿಂದ ಕೆಳಗಿನವರೆಗೆ ಉದ್ದಕ್ಕೂ.

ತಮ್ಮ ಮುಂದಿನ ಸೇತುವೆಯ ಹತ್ತಿರ ನಿಂತಿದ್ದ. ನಾನು ನಡೆದು ಬರುವುದನ್ನು ದೂರದಿಂದಲೇ ನೋಡಿದ್ದ. ಶಹಬಾಸ್ ಅನ್ನಲಿಲ್ಲ, ಕೈ ತಟ್ಟಲಿಲ್ಲ.

"ಒಂದೇ ಕಡೆನಾ, ಪೂರ್ತಿನಾ?"

"ಪೂರ್ತಿ."

"ಒತ್ತಿ ನೋಡಿದ್ಯಾ?"

"ನೋಡಿದೆ ಕಣೋ. ಮೂಳೆ ಮೇಲೆ ಇಲ್ಲ."

ನನ್ನ ಮುಖ ಒಂದು ಕ್ಷಣ ನೋಡಿದ. "ಹಾಗಾದ್ರೆ ನಡಿ. ಓಡಬೇಡ. ಎರಡು ಗಂಟೆ ಮೂವತ್ತೈದು ನಿಮಿಷ ಇದೆ, ಕಿಲೋಮೀಟರಿಗೆ ಹತ್ತು ಸಾಕು."

ಹಿಂದಿನ ರಾತ್ರಿಯ ಆ ಮಾತು ಇಲ್ಲದಿದ್ದರೆ ಈ ಜಾಗದಲ್ಲಿ ಏನಾಗುತ್ತಿತ್ತು ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. ಹೆದರಿ ನಿಲ್ಲಿಸುತ್ತಿದ್ದೆನೋ, ಹಠಕ್ಕೆ ಬಿದ್ದು ಓಡುತ್ತಿದ್ದೆನೋ. ಎರಡೂ ಬೇಕಾಗಲಿಲ್ಲ. ಪ್ರಶ್ನೆ ಮೊದಲೇ ಇತ್ತು, ಉತ್ತರ ಬೆರಳಿಗೆ ಸಿಕ್ಕಿತು.

ಹದಿನೈದು ಕಿಲೋಮೀಟರ್ ಬಿರುಸಾಗಿ ನಡೆಯುವುದು ಸುಲಭ ಅಲ್ಲ. ಓಟಕ್ಕಿಂತ ಬೇರೆ ಸ್ನಾಯುಗಳು ಬೇಕು. ಕೈ ಬೀಸಿ ನಡೆದರೆ ಮಾತ್ರ ಹತ್ತು ನಿಮಿಷ ದಕ್ಕುತ್ತದೆ, ಕೈ ನಿಂತರೆ ಹನ್ನೊಂದಾಗುತ್ತದೆ. ನೀರು ಕೊಡುವ ಮೇಜುಗಳ ಹತ್ತಿರವೂ ನಿಲ್ಲಲಿಲ್ಲ, ಲೋಟ ಹಿಡಿದೇ ನಡೆದೆ. ಏಳು ಸಾವಿರದಷ್ಟು ಸ್ವಯಂಸೇವಕರು ಈ ದಿನಕ್ಕಾಗಿ ದುಡಿಯುತ್ತಾರೆ. ಬೆಳಿಗ್ಗೆಯಿಂದ ನಿಂತವರು ರಾತ್ರಿ ಒಂಬತ್ತಕ್ಕೂ ಕೊನೆಯ ಸಾಲಿನವರಿಗೆ ಕೋಲಾ ಸುರಿಯುತ್ತಾ, ಒಬ್ಬೊಬ್ಬರ ಕಣ್ಣನ್ನೂ ನೋಡಿ ಮಾತಾಡಿಸುತ್ತಿದ್ದರು. ಮುಂದೆ ಹೋದವರಿಗೆ ಸಿಕ್ಕಿದ್ದಕ್ಕಿಂತ ಜಾಸ್ತಿ ಪ್ರೀತಿ ನಮಗೆ ಸಿಕ್ಕಿತು ಅಂತಲೇ ನನ್ನ ಭಾವನೆ.

ಬ್ಯೂಖೆನ್‌ಬಾಖ್ ಕಡೆಯ ಏರಿನಲ್ಲಿ ನನ್ನ ಪಕ್ಕ ಬಿಳಿ ಕೂದಲಿನ ಒಬ್ಬರು ಬಂದರು, ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದರು. ಅವರ ಭಾಷೆ ನನಗೆ ಬಾರದು. ನನ್ನ ಕಾಲು ತೋರಿಸಿ ಹುಬ್ಬು ಏರಿಸಿದರು, ನಾನು ಅವರ ಮಂಡಿ ತೋರಿಸಿದೆ. ಏರು ಮುಗಿಯುವವರೆಗೆ ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆದೆವು. ಇಳಿಜಾರಿನಲ್ಲಿ ಅವರು ಓಡಿದರು. ನಾನು ಓಡಲಿಲ್ಲ. ಇಳಿಯುವಾಗಲೇ ಮೂಳೆಗೆ ಪೆಟ್ಟು ಜಾಸ್ತಿ.

ನಲವತ್ತರ ಹತ್ತಿರ ಕತ್ತಲಾಗಿತ್ತು. ಸಮಯ ಸ್ವಲ್ಪ ಉಳಿದಿತ್ತು. ನೋವು ಹಾಗೇ ಇತ್ತು, ಏರಿರಲಿಲ್ಲ. ರೋಟ್‌ನ ಸ್ಟೇಡಿಯಂ ಒಳಗೆ ಕಾಲಿಟ್ಟಾಗ ಕಾರ್ಪೆಟ್ ಸಿಕ್ಕಿತು, ಎರಡೂ ಕಡೆ ಎತ್ತರಕ್ಕೆ ಜನ, ದೀಪ. ಅಲ್ಲಿ ಮಾತ್ರ ಓಡಿದೆ. ಗಡಿಯಾರದಲ್ಲಿ 14 ಗಂಟೆ 46 ನಿಮಿಷ. ತಮ್ಮ ತಡೆಬೇಲಿಯ ಮೇಲಿಂದ ಬಗ್ಗಿ ತಬ್ಬಿಕೊಂಡ. ಬಲ ಭುಜವನ್ನು ಮಾತ್ರ ಹಿಡಿದಿದ್ದ.

ಕೊನೆಯವರು ಬರುವವರೆಗೂ ಜನ ಎದ್ದು ಹೋಗಲಿಲ್ಲ. ಸ್ಪರ್ಧೆ ಮುಗಿದ ಮೇಲೆ ಪಟಾಕಿ ಹಾರಿಸಿದರು. ಮಂಡಿಗೆ ಪಟ್ಟಿ ಸುತ್ತಿದ್ದವರನ್ನು ಆ ಗುಂಪಿನಲ್ಲಿ ಹುಡುಕಿದೆ. ಕೊರಳಲ್ಲಿ ಪದಕ ಹಾಕಿಕೊಂಡು ಒಂದು ಬೆಂಚಿನ ಮೇಲೆ ಕೂತಿದ್ದರು, ನನ್ನನ್ನು ನೋಡಿ ಎರಡೂ ಕೈ ಎತ್ತಿದರು.

ಸೋಮವಾರ

ಎದ್ದ ಕೂಡಲೇ ಮಾಡಿದ ಮೊದಲ ಕೆಲಸ ಮೂಳೆ ಒತ್ತಿ ನೋಡಿದ್ದು. ಮೀನಖಂಡ ಕಲ್ಲಾಗಿತ್ತು, ಮೆಟ್ಟಿಲು ಇಳಿಯಲು ಕಂಬಿ ಬೇಕಾಯಿತು. ಮೂಳೆಯ ಮೇಲೆ ಬೆರಳಿಟ್ಟು ತೋರಿಸುವ ನೋವು ಇಲ್ಲ. ಆದರೂ ಕೆಲವು ವಾರ ಓಟ ಇಲ್ಲ, ಒಂಟಿ ಕಾಲಲ್ಲಿ ಕುಪ್ಪಳಿಸುವ ಪರೀಕ್ಷೆಯೂ ಈಗಲೇ ಬೇಡ ಅಂತ ಫಿಸಿಯೋ ಮೆಸೇಜ್ ಕಳಿಸಿದರು. ಎಂಟು ಹತ್ತು ದಿನ ಬಿಟ್ಟು ಮತ್ತೆ ಒತ್ತಿ ನೋಡಬೇಕು. ಮೂಳೆಯ ನೋವು ಕೆಲವೊಮ್ಮೆ ತಡವಾಗಿ ತಲೆ ಎತ್ತುತ್ತದೆ. ಆಗ ಏನಾದರೂ ಕಂಡರೆ ಮತ್ತೆ ಎಂಆರ್‌ಐ.

ಮಧ್ಯಾಹ್ನ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿದೆವು. ಈ ಸಲ ಡೀರೇಲರನ್ನು ಹ್ಯಾಂಗರಿನಿಂದ ಬಿಚ್ಚಿ, ಬಟ್ಟೆ ಸುತ್ತಿ, ಚೈನಿನ ಜೊತೆಗೆ ಫ್ರೇಮಿನ ಒಳಗಡೆಗೆ ಕಟ್ಟಿದೆ. ತಮ್ಮ ಟೈರಿನ ಗಾಳಿ ಬಿಡುತ್ತಾ ಕೂತಿದ್ದ. "ಅಕ್ಕಾ, ಮೊದಲು ಈಜು ಸರಿ ಮಾಡ್ಕೋ, ಆ ಎಡಗೈ ಪೂರ್ತಿ ಚಾಚಬೇಕು" ಅಂದ. ಸರಿಯಾದ ಮಾತು. ಭುಜದ ವ್ಯಾಯಾಮದ ರಬ್ಬರ್ ಪಟ್ಟಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ, ವಿಮಾನದಲ್ಲಿ ಕೈಗೆ ಸಿಗುವ ಹಾಗೆ ಸಣ್ಣ ಚೀಲದಲ್ಲಿ ಇಟ್ಟುಕೊಂಡೆ.